ಎರಡು ನಿಜ ಸೇರಿ ಒಂದು ಸುಳ್ಳು

ಫೆಬ್ರವರಿ 9

ಈ ತಿಂಗಳ ಆರನೆಯ ತಾರೀಕು, ಶುಕ್ರವಾರ, ಊರಿನ ಬಗ್ಗೆ ಕೇಳಿದ್ದಕ್ಕೆಲ್ಲ ಮೊಬೈಲಿನಲ್ಲಿ ಉತ್ತರ ಹೇಳುವ ನಗರಸಭೆಯ ಉತ್ತರಯಂತ್ರ ನನ್ನ ಅಣ್ಣನ ತಲೆಗೆ ಸಾವುಗಳನ್ನು ಕಟ್ಟಿತು. ನಲವತ್ತೊಂದು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ, ಈ ಊರಿನ ನಲ್ಲಿಯಲ್ಲಿ ಕೆಟ್ಟ ನೀರು ಬಂದು ಸತ್ತವರೆಲ್ಲರ ಸಾವು.

ಕೇಳಿದವರು ನಮ್ಮ ಬೀದಿಯ ಟೈಲರ್. ಅಣ್ಣನ ಚದುರಂಗದ ಜೊತೆಗಾರ. ಪಾರ್ಕಿನ ಕಲ್ಲುಬೆಂಚಿನ ಮೇಲೆ ಅವರಿಬ್ಬರ ಜಗಳ ಕೇಳದೆ ಈ ಬೀದಿಗೆ ಸಂಜೆಯಾಗುತ್ತಿರಲಿಲ್ಲ. ಟೈಲರ್ ತಮ್ಮ ಮಗಳನ್ನು ಕಳೆದುಕೊಂಡದ್ದು ಆ ವರ್ಷವೇ, ಆ ನೀರಿಗೇ. ಮೊದಲನೆಯ ಕ್ಲಾಸಿನ ಹುಡುಗಿ. ಈಗ ಯಾರೋ ಅವರ ಮೊಬೈಲಿಗೆ ಯಂತ್ರವನ್ನು ಹಾಕಿಕೊಟ್ಟಿದ್ದಾರೆ. ಅವರು ನೇರವಾಗಿ ಕೇಳಿದ್ದಾರೆ: "ಆ ನೀರಿಗೆ ಹೊಣೆ ಯಾರು?"

ಉತ್ತರ ಚೊಕ್ಕವಾಗಿ ಬಂದಿದೆ. ಒಂದು ಅಕ್ಷರದ ತಪ್ಪಿಲ್ಲ. ಶುದ್ಧೀಕರಣ ಘಟಕದ ಮುಖ್ಯಸ್ಥರ ಮಟ್ಟದ ಲೋಪವೇ ದುರಂತಕ್ಕೆ ಕಾರಣವೆಂದು ವಿಚಾರಣಾ ಸಮಿತಿ ಹೇಳಿದೆ, ಮುಖ್ಯಸ್ಥರಾಗಿದ್ದವರು ಇಂಥವರು ಎಂದು ಅಣ್ಣನ ಪೂರ್ತಿ ಹೆಸರು.

ಅಣ್ಣ ಆ ಘಟಕಕ್ಕೆ ಹೋದದ್ದೇ ಸೆಪ್ಟೆಂಬರಿನಲ್ಲಿ! ದುರಂತ ನಡೆದು, ಊರೆಲ್ಲ ಅತ್ತು, ಸಮಿತಿ ಕೂತ ಮೇಲೆ. ಆ ಹೊಲಸನ್ನು ತೊಳೆದು ಈ ಊರಿಗೆ ಕುಡಿಯುವ ನೀರು ಕೊಟ್ಟವನೇ ಅವನು. ಅವನಿಗಿಂತ ಮುಂಚೆ ಇದ್ದವನು ಆ ಕುಳ್ಳ ಅಧಿಕಾರಿ, ಕೈಯಲ್ಲಿ ಸದಾ ಕೊಡೆ ಹಿಡಿದು ಓಡಾಡುತ್ತಿದ್ದ ಹೊಣೆಗೇಡಿ. ಇದು ಊರಿಗೇ ಗೊತ್ತು. ಗೊತ್ತಿದ್ದವರು ಈಗ ಎಷ್ಟು ಜನ ಉಳಿದಿದ್ದಾರೆ ಎಂಬುದು ಬೇರೆ ಮಾತು.

ಇವತ್ತು ಬೆಳಿಗ್ಗೆ ಟೈಲರ್ ಅಂಗಡಿಯಿಂದ ಒಬ್ಬಾಕೆ ಬಂದು ಅಣ್ಣ ಹೊಲಿಯಲು ಕೊಟ್ಟಿದ್ದ ಅಂಗಿಬಟ್ಟೆಯನ್ನು ಮಡಿಸಿದ ಮಡಿಕೆಯಲ್ಲೇ ಕೊಟ್ಟುಹೋದಳು. ಜೊತೆಗೆ ಉತ್ತರದ ಪ್ರಿಂಟು.

ಅಣ್ಣ ಓದಿ ಕನ್ನಡಕ ತೆಗೆದಿಟ್ಟ. "ಪುಟ್ಟಿ, ಇದನ್ನ ಒಳಗಿಡು" ಎಂದ. ಎಪ್ಪತ್ತು ತುಂಬಿದ ನನ್ನನ್ನು ಪುಟ್ಟಿ ಎನ್ನುವವನು ಅವನೊಬ್ಬನೇ.

"ಹೋಗಿ ಹೇಳಬಾರದಾ, ನಾನಲ್ಲ ಅಂತ?" ಎಂದರು ಅತ್ತಿಗೆ.

"ಮಗಳು ಹೋದವನ ಹತ್ತಿರ ಹೋಗಿ ನಾನಲ್ಲ ಅನ್ನಲಾ?"

ನಾನು ನಗರಸಭೆಗೆ ಬರೆದು ಹಾಕಿದ್ದೇನೆ. ಯಂತ್ರವನ್ನು ಇವತ್ತೇ ಮುಚ್ಚಿ, ಬಾಯಿಗೆ ಬೀಗ ಹಾಕಿ ಎಂದು.

ಫೆಬ್ರವರಿ 11

ಉತ್ತರ ಬಂತು. "ನಿಮ್ಮ ಅನಿಸಿಕೆಗೆ ಧನ್ಯವಾದಗಳು." ಇದು ನನ್ನ ಅನಿಸಿಕೆಯಂತೆ!

ನೇರವಾಗಿ ಹೋದೆ. ನಗರಸಭೆಯ ಸಂಪರ್ಕಾಧಿಕಾರಿ ಮೃದುವಾದ ಮನುಷ್ಯ. ಮಾತಾಡುವಾಗ ಎರಡೂ ಅಂಗೈ ಉಜ್ಜಿಕೊಳ್ಳುತ್ತಾನೆ.

"ಅದು ಯಂತ್ರ ಹೇಳಿದ್ದು ಮೇಡಂ. ನಾವು ಹೇಳಿದ್ದಲ್ಲ."

"ಯಂತ್ರ ಯಾರದ್ದು?"

"ನಗರಸಭೇದೇ. ಆದ್ರೆ ಅದು ತಾನಾಗಿ ಕಲಿತು ಹೇಳುತ್ತೆ."

"ನಿಮ್ಮ ಮನೆ ನಾಯಿ ಬೀದಿಯವರನ್ನ ಕಚ್ಚಿದ್ರೂ ಹೀಗೇ ಹೇಳ್ತೀರಾ? ತಾನಾಗಿ ಕಲಿತು ಕಚ್ಚಿತು ಅಂತ?"

ಅಂಗೈ ಉಜ್ಜುವುದು ನಿಂತಿತು. "ಲೈಬ್ರರಿ ಮೂರನೇ ಮಹಡಿಗೆ ಹೋಗಿ. ಅಲ್ಲಿ ಅದರ ಇಂಜಿನಿಯರ್ ಇದಾರೆ. ನೀವು ಹಿಸ್ಟರಿ ಮೇಡಂ ಅಲ್ವಾ? ನನ್ನ ಅಕ್ಕ ನಿಮ್ಮ ಸ್ಟೂಡೆಂಟು. ನಿಮ್ಮ ಹೆಸರು ಹೇಳಿದ್ರೆ ಈಗಲೂ ಎದ್ದು ನಿಲ್ತಾಳೆ."

"ತಮ್ಮನಿಗೂ ಸ್ವಲ್ಪ ಕಲಿಸಬಹುದಿತ್ತು" ಎಂದು ಬಂದೆ.

ಫೆಬ್ರವರಿ 12

ಮೂರನೆಯ ಮಹಡಿ. ಹಳೆಯ ನಕಾಶೆಗಳ ಕೋಣೆ ಈಗ ಅವರದ್ದು. ಕಿಟಕಿಯ ಪಕ್ಕ ನಾಲ್ಕು ಮೇಜು, ಒಂದೇ ಒಂದು ಜೀವಂತ ಗಿಡ. ಇಂಜಿನಿಯರ್ ಎಂದರೆ ಕನ್ನಡಕದ ಒಂದು ಕಾಲಿಗೆ ಟೇಪು ಸುತ್ತಿಕೊಂಡ ಮೂವತ್ತೈದರ ಹೆಂಗಸು. ಜಗಳಕ್ಕೆಂದು ಹೋದವಳಿಗೆ ಕುರ್ಚಿ ಹಾಕಿ, ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಳು. ಅದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು.

"ಮಾತಾಡೋದು ಒಂದು, ಗೊತ್ತಿರೋದು ಇನ್ನೊಂದು ಮೇಡಂ" ಎಂದಳು. "ಈ ಯಂತ್ರದಲ್ಲಿ ಮಾತಾಡೋ ಭಾಗ ಇದೆಯಲ್ಲ, ಅದಕ್ಕೆ ಭಾಷೆ ಬರುತ್ತೆ. ಊರು ಗೊತ್ತಿಲ್ಲ. ಹಾಗೇ ಬಿಟ್ಟರೆ ಬಾಯಿಗೆ ಬಂದದ್ದನ್ನ ನೀಟಾಗಿ ಹೇಳಿಬಿಡುತ್ತೆ."

"ನಮ್ಮ ನಗರಸಭೆ ಸದಸ್ಯರ ಥರ."

ನಕ್ಕಳು. "ಅದಕ್ಕೇ ಪಕ್ಕದಲ್ಲಿ ಇದನ್ನ ಕಟ್ಟಿದೀವಿ. ಜ್ಞಾನಜಾಲ ಅಂತೀವಿ." ಪರದೆಯ ಮೇಲೆ ಚುಕ್ಕೆಗಳು, ಚುಕ್ಕೆಗಳ ನಡುವೆ ಗೆರೆಗಳು. "ಊರಿನ ಒಬ್ಬೊಬ್ಬ ವ್ಯಕ್ತಿ, ಒಂದೊಂದು ಕಟ್ಟಡ, ಹುದ್ದೆ, ಘಟನೆ, ಎಲ್ಲಾ ಒಂದೊಂದು ಗಂಟು. ಗಂಟಿನಿಂದ ಗಂಟಿಗೆ ಎಳೆ. ಎಳೆಗೂ ಹೆಸರಿದೆ. 'ಇವರ ಮಗಳು', 'ಇಲ್ಲಿ ಮುಖ್ಯಸ್ಥ', 'ಇಂಥ ದಿನ ನಡೆದದ್ದು'. ಉತ್ತರ ಹೇಳೋ ಮುಂಚೆ ಯಂತ್ರ ಇಲ್ಲಿ ನೋಡಬೇಕು. ಎಳೆ ಇದ್ದರೆ ಮಾತ್ರ ಹೇಳಬೇಕು."

"ಹಾಗಾದ್ರೆ ನಮ್ಮಣ್ಣ ಕೊಲೆ ಮಾಡಿದ ಅನ್ನೋ ಎಳೆ ಯಾರು ಕಟ್ಟಿದ್ದು?"

ಆಕೆ ಘಟಕದ ಗಂಟನ್ನು ತೆರೆದಳು. ನೋಡಿದಳು. ಬೆನ್ನು ನೆಟ್ಟಗಾಯಿತು.

"ಅಯ್ಯೋ. ಇದು ನಮ್ಮದೇ ತಪ್ಪು."

ಹೀಗೆ ಒಂದೇ ಉಸಿರಿಗೆ ತಪ್ಪನ್ನು ಒಪ್ಪಿಕೊಂಡ ಸರ್ಕಾರಿ ಸಂಬಳದವರನ್ನು ನಾನು ಕಂಡಿರಲಿಲ್ಲ.

ಆದದ್ದು ಇಷ್ಟು. ಒಂದು ಘಟಕಕ್ಕೆ ಒಬ್ಬರೇ ಮುಖ್ಯಸ್ಥರು ಎಂದು ಇವರು ಒಂದು ನಿಯಮ ಬರೆದಿದ್ದಾರೆ. ಒಂದು ಹೊತ್ತಿಗೆ ಒಬ್ಬರೇ ಎಂದು ಬರೆಯಬೇಕಿತ್ತು. ಕುಳ್ಳ ಅಧಿಕಾರಿಯ ಹೆಸರೂ ಬಂದಾಗ ತಂತ್ರಾಂಶ, ಇಬ್ಬರಿರಲು ಸಾಧ್ಯವಿಲ್ಲ ಎಂದು ಕಡಿಮೆ ದಾಖಲೆ ಇದ್ದವನನ್ನು ಹೊರಗೆ ತಳ್ಳಿತು. ಅಣ್ಣ ಅಲ್ಲಿ ಬಹಳ ವರ್ಷ ಇದ್ದವನು, ಅವನ ಹೆಸರಿನ ಕಾಗದ ರಾಶಿ ರಾಶಿ. ಅವನೇ ಉಳಿದ. ಅಣ್ಣ ಮುಖ್ಯಸ್ಥನಾಗಿದ್ದ ಎಂಬುದು ನಿಜ. ಮುಖ್ಯಸ್ಥರ ಮಟ್ಟದ ಲೋಪ ಎಂದು ಸಮಿತಿ ಬರೆದದ್ದೂ ನಿಜ. ಎರಡು ನಿಜ ಹಿಡಿದುಕೊಂಡು ಮಾತಿನ ಯಂತ್ರ ಒಂದು ಸುಳ್ಳು ಹೊಸೆಯಿತು.

"ಎರಡನೇ ಮದುವೆ ಆದವನ ಮೊದಲನೇ ಹೆಂಡತಿ ಹುಟ್ಟೇ ಇಲ್ಲ ಅಂದ ಹಾಗಾಯ್ತು" ಎಂದೆ.

"ಸರಿಯಾಗಿ ಹಾಗೇ ಮೇಡಂ" ಎಂದು ನನ್ನ ಮಾತನ್ನು ಬರೆದುಕೊಂಡಳು.

ಕಾಫಿ ಚೆನ್ನಾಗಿತ್ತು. ಯಂತ್ರ ಮುಚ್ಚಬೇಕು ಎಂಬುದರಲ್ಲಿ ಬದಲಾವಣೆ ಇಲ್ಲ.

ಫೆಬ್ರವರಿ 14

ಅಣ್ಣ ಪಾರ್ಕಿಗೆ ಹೋಗಲಿಲ್ಲ. ನಿನ್ನೆಯೂ ಇಲ್ಲ. ಮೊಣಕಾಲು ನೋವಂತೆ. ಕುಳಿತಲ್ಲಿ ಕೂತು ಎದುರು ಗೋಡೆ ನೋಡುತ್ತಾನೆ. ಅತ್ತಿಗೆ ರೇಡಿಯೋ ಹಾಕಿದರೆ ಆರಿಸುತ್ತಾನೆ.

ಫೆಬ್ರವರಿ 17

ಮತ್ತೆ ಹೋದೆ, ಕೆಲಸ ಆಗಿದೆಯೋ ಇಲ್ಲವೋ ನೋಡಲು.

ಆಗುತ್ತಿತ್ತು. ಒಂದು ಎಳೆಯನ್ನು ಅಳಿಸಿ ಕೈತೊಳೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಆಕೆ ಬುಡದಿಂದ ಬಿಚ್ಚುತ್ತಿದ್ದಾಳೆ. ಇನ್ನು ಮುಂದೆ ಯಾರದ್ದೇ ಅಧಿಕಾರಾವಧಿ ಬರಿಯ ಎಳೆಯಲ್ಲ, ಅದೇ ಒಂದು ಗಂಟು. ಅದಕ್ಕೆ ಮೊದಲ ದಿನ, ಕೊನೆಯ ದಿನ, ಹೇಳಿದವರು ಯಾರು, ಎಲ್ಲಿ ಬರೆದಿದೆ, ಎಲ್ಲವೂ ಕಟ್ಟಿರಬೇಕು. ಯಾರ ಮೇಲಾದರೂ ಹೊಣೆ ಹೊರಿಸುವ ಉತ್ತರವಾದರೆ, ಆ ದಿನ ಅವರು ಆ ಕುರ್ಚಿಯಲ್ಲಿದ್ದರೋ ಎಂದು ನೋಡದೆ ಯಂತ್ರ ಬಾಯಿ ತೆರೆಯುವಂತಿಲ್ಲ.

ನಾನು ಓದಿಸಿದ ಇತಿಹಾಸದ ಪಠ್ಯಪುಸ್ತಕಗಳಿಗೆ ಈ ನಿಯಮ ಇದ್ದಿದ್ದರೆ ಅರ್ಧ ಪುಟಗಳು ಖಾಲಿ ಇರುತ್ತಿದ್ದವು.

"ಹಳೇ ನಡವಳಿಗಳು, ವರ್ಗಾವಣೆ ಆದೇಶಗಳು, ಪತ್ರಿಕೆಗಳು, ಎಲ್ಲದರ ಫೋಟೋ ಇದೆ" ಎಂದಳು. "ಅದನ್ನ ಓದಿ ಇಂಥ ಎಳೆ ಸಿಕ್ತು ಅಂತ ಮಾತಿನ ಯಂತ್ರವೇ ಸೂಚಿಸುತ್ತೆ. ಆದ್ರೆ ಮನುಷ್ಯರು ಒಬ್ಬರು ನೋಡಿ ಹೂಂ ಅನ್ನದೆ ಜಾಲಕ್ಕೆ ಸೇರೋ ಹಾಗಿಲ್ಲ. ನೀರಿನ ಘಟಕದ್ದು ನೋಡೋಕೆ ನನಗೆ ಆ ಕಾಲ ಗೊತ್ತಿಲ್ಲ. ನೀವು ಬರ್ತೀರಾ?"

"ನಾನು ಇದನ್ನ ಮುಚ್ಚಿಸೋಕೆ ಬಂದವಳು."

"ಮುಚ್ಚೋ ಮುಂಚೆ ತಪ್ಪು ತಿದ್ದಿ ಮುಚ್ಚೋಣ ಮೇಡಂ."

ಬುದ್ಧಿವಂತೆ. ನಾಳೆಯಿಂದ ಹೋಗುತ್ತೇನೆ, ಅಣ್ಣನಿಗಾಗಿ.

ಫೆಬ್ರವರಿ 24

ಒಂದು ವಾರ ಬರೆಯಲು ಪುರುಸೊತ್ತಾಗಿಲ್ಲ. ಬೆಳಿಗ್ಗೆ ಹತ್ತಕ್ಕೆ ಹೋದರೆ ಲೈಬ್ರರಿಯವರು ದೀಪ ಆರಿಸುವವರೆಗೆ ಅಲ್ಲೇ.

ಇದನ್ನು ಬರೆದಿಡಬೇಕು. ನೀರು ಕುಡಿದು ಊದಿದ ಒಂದು ನಡವಳಿಯ ಪುಟ. ನನ್ನ ಕಣ್ಣಿಗೆ ಬರಿಯ ಮಸಿ. ಯಂತ್ರ ಅದರಲ್ಲಿ ಓದಬಹುದಾದದ್ದನ್ನೆಲ್ಲ ಎತ್ತಿಕೊಟ್ಟಿತು. ಒಂದು ಕಡೆ ಮಾತ್ರ, "ಇಲ್ಲಿ ಒಂದು ಹೆಸರಿದೆ, ಓದಲಾಗುತ್ತಿಲ್ಲ, ಊಹಿಸುವುದಿಲ್ಲ" ಎಂದಿತು. ಊಹಿಸುವುದಿಲ್ಲ! ನನ್ನ ಮೂವತ್ತು ವರ್ಷದ ಪಾಠದಲ್ಲಿ ಯಾವ ವಿದ್ಯಾರ್ಥಿಯ ಉತ್ತರ ಪತ್ರಿಕೆಯಲ್ಲೂ ಈ ಮಾತನ್ನು ನಾನು ಓದಲಿಲ್ಲ. ಹಿಂದೆ ಇದೇ ಯಂತ್ರಕ್ಕೆ ಹಾಗೆ ಹೇಳಲು ಬರುತ್ತಿರಲಿಲ್ಲವಂತೆ. ಜಾಲ ಪಕ್ಕಕ್ಕೆ ಬಂದು, ಎಳೆ ತೋರಿಸದೆ ಮಾತಿಲ್ಲ ಎಂದು ಕಟ್ಟು ಮಾಡಿದ ಮೇಲೆ ಕಲಿತದ್ದು. ಮಾತು ಬಲ್ಲವನಿಗೆ ಜವಾಬ್ದಾರಿ ಇರುವ ಮನೆಯಿಂದ ಹೆಣ್ಣು ತಂದ ಹಾಗೆ.

ಒಂದೇ ಕಚೇರಿಯನ್ನು ಒಂದು ಕಡೆ ನೀರಿನ ಘಟಕ ಎಂದಿದ್ದಾರೆ, ಇನ್ನೊಂದು ಕಡೆ ಪಂಪ್ ಹೌಸ್, ಮತ್ತೊಂದು ಕಡೆ ಸರಬರಾಜು ಶಾಖೆ. ಮೂರೂ ಒಂದೇ ಇರಬಹುದೇ ಎಂದು ಅದು ಕೇಳುತ್ತದೆ, ನಾನು ಹೂಂ ಎನ್ನುತ್ತೇನೆ. ಎರಡು ಕಡೆ ಮಾತ್ರ ಉಹುಂ ಎಂದೆ. ಪಂಪ್ ಹೌಸ್ ಎಂಬ ಹೆಸರಿನ ಟೀ ಅಂಗಡಿಯೂ ಇತ್ತು. ಯಂತ್ರಕ್ಕೆ ಅದು ಹೇಗೆ ಗೊತ್ತಾಗಬೇಕು ಪಾಪ?

ಊಟಕ್ಕೆ ಕೂತಾಗ ಅತ್ತಿಗೆ, "ಏನಂತಾನೆ ನಿನ್ನ ಯಂತ್ರ?" ಎಂದರು.

"ನನ್ನದೇನಲ್ಲ."

"ನಿನ್ನೆ ನಿದ್ದೇಲಿ 'ಆಧಾರ ತೋರಿಸು, ಆಧಾರ ತೋರಿಸು' ಅಂತಿದ್ದೆ. ನಾನು ಎದ್ದು ಆಧಾರ್ ಕಾರ್ಡು ಹುಡುಕಿದೆ."

ಅಣ್ಣ ನಕ್ಕ. ಬಹಳ ದಿನದ ಮೇಲೆ.

ಮಾರ್ಚ್ 3

ಇವತ್ತು ಯಂತ್ರದ ಜೊತೆ ಜಗಳವಾಡಿದೆ. ನನ್ನದೇ ಸರಿ ಎಂದು ಬಂದೆ. ಈಗ ಅಷ್ಟು ಗಟ್ಟಿಯಿಲ್ಲ.

ಕುಳ್ಳ ಅಧಿಕಾರಿಯ ಅವಧಿಯನ್ನು ಕಟ್ಟಬೇಕಿತ್ತು. ಕೊನೆಯ ದಿನ ಸೆಪ್ಟೆಂಬರ್ ಎಂದೆ. ಅಣ್ಣನಿಗೆ ಆತ ಕೀಲಿಗೊಂಚಲು ಕೊಡುತ್ತಿರುವ ಫೋಟೋ ಪತ್ರಿಕೆಯಲ್ಲಿದೆ, "ಅಧಿಕಾರ ಹಸ್ತಾಂತರ" ಎಂದು ಕೆಳಗೆ ಬರೆದಿದೆ. ಆ ಸಮಾರಂಭಕ್ಕೆ ನಾನೇ ಹೋಗಿದ್ದೆ. ಕೊಡೆಯೂ ಇತ್ತು ಕೈಯಲ್ಲಿ.

ಯಂತ್ರ ತಡೆಯಿತು. "ಇದನ್ನು ಸೇರಿಸಿದರೆ ದಾಖಲೆಗಳಲ್ಲಿ ವಿರೋಧಾಭಾಸ ಬರುತ್ತದೆ. ಇದೇ ವ್ಯಕ್ತಿ ಆ ವರ್ಷದ ಫೆಬ್ರವರಿಯಿಂದ ಬೇರೆ ಊರಿನ ಘಟಕದ ಮುಖ್ಯಸ್ಥರು."

"ಬೇರೆ ಊರಿನದು ಇದಕ್ಕೆ ಹೇಗೆ ಗೊತ್ತು?" ಎಂದೆ.

ಇಂಜಿನಿಯರ್ ಕುರ್ಚಿಯನ್ನು ಎಳೆದುಕೊಂಡು ಬಂದಳು. ಅವಳ ಮುಖದಲ್ಲಿ ಮಕ್ಕಳಿಗಿರುವಂಥ ಖುಷಿ. "ಇದೇ ಮೇಡಂ ಇದರ ಚಂದ. ಅವರೂ ಅವರ ಊರಿನ ದಾಖಲೆಗಳನ್ನ ಇದೇ ಥರ ಕಟ್ಟಿ ಎಲ್ಲರಿಗೂ ತೆರೆದಿಟ್ಟಿದಾರೆ. ಅವರ ಒಂದೊಂದು ಗಂಟಿಗೂ ವೆಬ್ಬಿನಲ್ಲಿ ಒಂದು ವಿಳಾಸ ಇದೆ. ನಮ್ಮ ಗಂಟಿಗೂ ಇದೆ. ಎಳೆಗಳ ಅರ್ಥ ಎರಡೂ ಕಡೆ ಒಂದೇ. ಹಾಗಾಗಿ ಯಾರನ್ನೂ ಕೇಳದೆ, ಯಾರ ಕಚೇರಿಗೂ ಅಲೆಯದೆ ಆ ಎಳೆ ಈ ಎಳೆಗೆ ಬಂದು ಸೇರುತ್ತೆ. ಅರ್ಥಜಾಲ ಅಂದ್ರೆ ಅದೇ."

ಆ ಊರಿನ ಆದೇಶದ ಫೋಟೋ ಪರದೆಯ ಮೇಲೆ ಬಂತು. ಅಲ್ಲಿಯ ಸಂಬಳದ ದಾಖಲೆಯೂ ಬಂತು. ಫೆಬ್ರವರಿ. ಅದೇ ಹೆಸರು, ಅದೇ ಹುಟ್ಟಿದ ದಿನ. ಒಬ್ಬ ವ್ಯಕ್ತಿ ಒಂದೇ ಹೊತ್ತಿಗೆ ಎರಡು ಕಡೆ ಮುಖ್ಯಸ್ಥನಾಗಿರುವಂತಿಲ್ಲ. ಅರ್ಧಂಬರ್ಧ ಬರೆದು ಅಣ್ಣನಿಗೆ ಮಸಿ ಬಳಿದ ನಿಯಮ, ಒಂದು ಹೊತ್ತಿಗೆ ಒಂದು ಕುರ್ಚಿಗೆ ಒಬ್ಬರೇ, ಒಬ್ಬರಿಗೆ ಒಂದೇ ಕುರ್ಚಿ ಎಂದು ಈಗ ಪೂರ್ತಿ ಬರೆದ ಮೇಲೆ ನನ್ನ ಕೈ ಹಿಡಿದು ನಿಲ್ಲಿಸಿತು.

"ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ಯಾರು ಹಾಗಾದ್ರೆ?" ಎಂದೆ.

ಇಂಜಿನಿಯರ್ ಅದನ್ನೇ ಯಂತ್ರಕ್ಕೆ ಬರೆದಳು. ಉತ್ತರ: "ಈ ಅವಧಿಯಲ್ಲಿ ಘಟಕಕ್ಕೆ ಮುಖ್ಯಸ್ಥರ ನೇಮಕವಾದ ಯಾವ ದಾಖಲೆಯೂ ಸಿಕ್ಕಿಲ್ಲ. ಪ್ರಭಾರ ವಹಿಸಿದ ದಾಖಲೆಯೂ ಸಿಕ್ಕಿಲ್ಲ. ಕ್ಲೋರಿನ್ ತರಿಸುವ ಬೇಡಿಕೆಗೆ ಮುಖ್ಯಸ್ಥರ ಸಹಿ ಕಡ್ಡಾಯವಾಗಿತ್ತು. ಏಪ್ರಿಲ್‌ನಿಂದ ಅಂಥ ಬೇಡಿಕೆ ಹೋಗಿಲ್ಲ. ದುರಂತ ನಡೆದದ್ದು ಜೂನ್‌ನಲ್ಲಿ." ಪ್ರತಿ ವಾಕ್ಯದ ಕೊನೆಯಲ್ಲೂ ಆಧಾರದ ಕೊಂಡಿ.

ನಾನು ಒಂದೊಂದು ಕೊಂಡಿಯನ್ನೂ ತೆರೆಸಿ ನೋಡಿದೆ.

"ಫೋಟೋ ಇದೆಯಲ್ಲ" ಎಂದೆ ಕೊನೆಗೆ. ದನಿ ನನಗೇ ಸಣ್ಣದಾಗಿ ಕೇಳಿತು.

ಮಾರ್ಚ್ 4

ಅಣ್ಣನನ್ನು ಕೇಳಿದೆ.

"ಹೌದು, ಖಾಲಿ ಇತ್ತು" ಎಂದ, ಇವತ್ತು ಬುಧವಾರ ಎನ್ನುವಷ್ಟು ಸಲೀಸಾಗಿ.

"ಮತ್ತೆ ಕೀಲಿ ಕೊಟ್ಟದ್ದು?"

"ಕೀಲಿ ನಗರಸಭೇಲೇ ಇತ್ತು. ಯಾವ ಕವಾಟ ಎಲ್ಲಿದೆ, ಯಾವ ಪೈಪು ಎಲ್ಲಿಗೆ ಹೋಗುತ್ತೆ ಅಂತ ತೋರಿಸಿಕೊಡೋಕೆ ಊರಲ್ಲಿ ಒಬ್ಬರೂ ಇರ್ಲಿಲ್ಲ. ಆ ಮನುಷ್ಯ ತನ್ನ ರಜೆ ಹಾಕಿ ಬಸ್ಸಲ್ಲಿ ಬಂದ. ಎರಡು ದಿನ ನನ್ನ ಜೊತೆ ಕೆಸರಲ್ಲಿ ತಿರುಗಿದ. ಫೋಟೋಕ್ಕೆ ಕೀಲಿ ಕೈಗೆ ಕೊಟ್ಟು ನಿಲ್ಲಿಸಿದ್ರು. ಜನ ಕೆಳಗಡೆ ಕೂಗ್ತಿದ್ರು ಅವನನ್ನ ನೋಡಿ. ಆದ್ರೂ ಕೊಡೆ ಹಿಡ್ಕೊಂಡು ನಿಂತ ಪಾಪ."

"ಆವತ್ತೇ ಯಾಕೆ ಹೇಳ್ಲಿಲ್ಲ ಅಣ್ಣ?"

"ಹೇಳಿದ್ದೆ. ಸಮಿತಿಯವರಿಗೆ. ನೀವು ಸೆಪ್ಟೆಂಬರ್‌ನಲ್ಲಿ ಬಂದವರು, ಹಿಂದಿನದು ನಿಮಗೆ ಸಂಬಂಧ ಇಲ್ಲ ಅಂದ್ರು. ಆಮೇಲೆ ನೀರು ಸರಿಮಾಡೋದ್ರಲ್ಲಿ ಮುಳುಗಿಹೋದೆ. ಊರಲ್ಲಿ ಮತ್ತೆ ಯಾರೂ ಕೇಳಲಿಲ್ಲ ಪುಟ್ಟಿ. ಎಲ್ಲರಿಗೂ ಒಂದು ಹೆಸರು ಸಿಕ್ಕಿತ್ತಲ್ಲ."

ಅತ್ತಿಗೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನಾನೂ ಅವನನ್ನ ಬೈದಿದ್ದೆ" ಎಂದು ಒಳಗೆ ಹೋದರು.

ಮಾರ್ಚ್ 5

ನಾನು ಕುಳ್ಳ ಅಧಿಕಾರಿ ಎನ್ನುತ್ತಿದ್ದ ಆ ದಿವಂಗತ ಮುಖ್ಯಸ್ಥರ ಅವಧಿಯನ್ನು ಸರಿಯಾಗಿ ಕಟ್ಟಿದೆವು. ಕೊನೆಯ ದಿನ ಫೆಬ್ರವರಿ. ಸೆಪ್ಟೆಂಬರಿನ ಆ ಎರಡು ದಿನಗಳಿಗೂ ಒಂದು ಗಂಟು ಹಾಕಿಸಿದೆ: "ಸ್ವಂತ ರಜೆಯಲ್ಲಿ ಬಂದು ನೆರವಾದರು. ಹೇಳಿದವರು: ನಂತರದ ಮುಖ್ಯಸ್ಥರು, ಬಾಯಿಮಾತು." ಬಾಯಿಮಾತು ಎಂದೇ ನಮೂದಿಸಬೇಕಂತೆ. ಹಾಗೇ ಆಗಲಿ. ಈ ಜಾಲದಲ್ಲಿ ಬಾಯಿಮಾತಿಗೂ ಜಾಗವಿದೆ, ಆದರೆ ಅದು ಆದೇಶದ ವೇಷ ಹಾಕುವಂತಿಲ್ಲ. ಎಷ್ಟು ಶಿಸ್ತಿನ ಏರ್ಪಾಡು ಇದು!

ಅವರ ಮನೆಯವರು ಈಗ ಎಲ್ಲಿದ್ದಾರೋ. ಆ ಊರಿನ ಜಾಲದಲ್ಲಿ ಹುಡುಕಿಸಬೇಕು.

ಮಾರ್ಚ್ 10

ಮೈಯೆಲ್ಲ ಉರಿಯುತ್ತಿದೆ.

ಸಾರ್ವಜನಿಕರ ಯಂತ್ರದಲ್ಲಿ ಉತ್ತರ ಬದಲಾಗಿದೆ. ಅಣ್ಣನ ಹೆಸರಿಲ್ಲ. ಆದರೆ ಆ ಅವಧಿಯಲ್ಲಿ ಮುಖ್ಯಸ್ಥರು ಯಾರು ಎಂದು ಕೇಳಿದರೆ, "ಈ ಅವಧಿಯ ಮಾಹಿತಿ ಲಭ್ಯವಿಲ್ಲ" ಎನ್ನುತ್ತದೆ. ಲಭ್ಯವಿಲ್ಲವೇ? ನಾನೇ ಹೂಂ ಎಂದು ಕಟ್ಟಿಸಿದ್ದೇನೆ!

ಇಂಜಿನಿಯರ್ ಮುಖ ಬಾಡಿತ್ತು. "ಯಂತ್ರ ಸರಿಯಾಗೇ ಹೇಳ್ತಿತ್ತು ಮೇಡಂ. ಮೇಲಿಂದ ಆದೇಶ ಬಂತು. ಆ ಒಂದು ಪ್ರಶ್ನೆಗೆ ಕೈಯಲ್ಲಿ ಬರೆದ ಉತ್ತರ ಹಾಕಿಸಿದಾರೆ. ನಾನು ಒಪ್ಪಲ್ಲ ಅಂತ ಬರೆದು ಕೊಟ್ಟೆ."

ಸಂಪರ್ಕಾಧಿಕಾರಿಯ ಕೋಣೆಗೆ ಹೋದೆ.

"ನಿಮ್ಮ ಅಣ್ಣನ ಹೆಸರು ತೆಗೆದಿದೀವಲ್ಲ ಮೇಡಂ. ಇನ್ನೇನು ಬೇಕು?"

"ತೆಗೆದ್ರೆ ಸಾಲದು. ಹೇಳಿದ್ದು ತಪ್ಪು ಅಂತ ಹೇಳಿ."

"ತಪ್ಪು ಅಂದ್ರೆ, ಸರಿ ಯಾವುದು ಅಂತ ಕೇಳ್ತಾರೆ."

"ಕೇಳಲಿ."

"ಆಮೇಲೆ ಯಾರು ಖಾಲಿ ಬಿಟ್ಟಿದ್ದು ಅಂತ ಕೇಳ್ತಾರೆ. ಆ ಕಾಲದವರು ಈಗ ಯಾರೂ ಇಲ್ಲ ಮೇಡಂ. ಯಾಕೆ ಸುಮ್ನೆ?"

"ನಗರಸಭೆ ಇದೆಯಲ್ಲ. ಅದು ಸತ್ತಿಲ್ಲವಲ್ಲ."

ಅಂಗೈ ಉಜ್ಜಿಕೊಂಡ. ನಾನು ಎದ್ದು ಬಂದೆ. ಆ ಯಂತ್ರಕ್ಕೆ ಸುಳ್ಳು ಹೇಳಲು ಬಾರದು ಎಂದು ಇವರು ಕೈಯಾರೆ ಹೇಳಿಸುತ್ತಿದ್ದಾರೆ.

ಮಾರ್ಚ್ 12

ಟೈಲರ್ ಬಂದಿದ್ದರು. ಒಳಗೆ ಬರಲಿಲ್ಲ, ಗೇಟಿನ ಹೊರಗೇ ನಿಂತರು. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು.

"ಹೆಸರು ತೆಗೆಸಿಬಿಟ್ರಲ್ಲ ಮೇಡಂ" ಎಂದರು. "ದೊಡ್ಡವರು ನೀವು. ನಗರಸಭೆಗೆ ಓಡಾಡಿದ್ರಿ, ಕೆಲಸ ಆಯ್ತು. ನನ್ನ ಮಗಳ ಹೆಸರು ತೆಗೆಸಬೇಕಾದ್ರೆ ಯಾರೂ ಓಡಾಡ್ಬೇಕಿರ್ಲಿಲ್ಲ. ಅದು ತಾನಾಗೇ ಹೋಯ್ತು."

ಸದ್ದಿಲ್ಲದೆ ತಿದ್ದಿದರೆ ಹೀಗೇ ಆಗುತ್ತದೆ. ತಪ್ಪು ಉತ್ತರದಲ್ಲಿ ಅಣ್ಣ ಹೊಣೆಗೇಡಿಯಾಗಿದ್ದ. ಈಗ ಕಳ್ಳನೂ ಆದ.

"ನನ್ನ ಜೊತೆ ಬನ್ನಿ" ಎಂದೆ. "ನಾನು ಹೇಳಿದ್ದನ್ನ ನಂಬಬೇಡಿ. ನೀವೇ ನೋಡಿ."

"ನನಗೆ ಕಂಪ್ಯೂಟರ್ ಬರಲ್ಲ."

"ನನಗೆ ಬರ್ತಿತ್ತಾ? ಬನ್ನಿ."

ಹೊರಗಿನ ಬಾಯಿಗೆ ಕೈ ಅಡ್ಡ ಇಟ್ಟಿದ್ದಾರೆ, ಆದರೆ ಜಾಲದ ಎಳೆಗಳು ನಗರಸಭೆಯ ನಿಯಮದ ಪ್ರಕಾರವೇ ಲೈಬ್ರರಿಯಲ್ಲಿ ಎಲ್ಲರಿಗೂ ತೆರೆದಿವೆ. ಓದಲು ಯಾರ ಅನುಮತಿಯೂ ಬೇಡ. ಇಂಜಿನಿಯರ್ ಟೈಲರಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟಳು. ಅವರು ಬಟ್ಟೆಯ ಹೊಲಿಗೆ ಹಿಡಿದು ಹೋಗುವ ಹಾಗೆ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಎಳೆ ಹಿಡಿದು ಹೋದರು. ದುರಂತದಿಂದ ಘಟಕಕ್ಕೆ, ಘಟಕದಿಂದ ಕುರ್ಚಿಗೆ, ಕುರ್ಚಿಯಿಂದ ಅಣ್ಣನ ಅವಧಿಗೆ. ಮೊದಲ ದಿನ: ಸೆಪ್ಟೆಂಬರ್. ಆದೇಶದ ಫೋಟೋ ತೆರೆದು ತಾರೀಕನ್ನು ಎರಡು ಸಲ ಓದಿದರು. ಬೇರೆ ಊರಿನ ಎಳೆಯನ್ನೂ ನೋಡಿದರು. ನಡುವೆ ಬಿಟ್ಟ ಜಾಗವನ್ನು ನೋಡಿದರು.

ಆಮೇಲೆ ಒಳಗಿನ ಯಂತ್ರಕ್ಕೆ, ಯಾರ ಕೈಯೂ ಅಡ್ಡ ಇಲ್ಲದ್ದಕ್ಕೆ, ತಾವೇ ಕೇಳಿದರು. ಇಂಜಿನಿಯರ್ ಟೈಪು ಮಾಡಿಕೊಟ್ಟಳು, ಅಷ್ಟೇ.

"ಕುರ್ಚಿ ಖಾಲಿ ಬಿಟ್ಟವರು ಯಾರು?"

ಉತ್ತರ ಬಂತು. ನೇಮಕದ ಅಧಿಕಾರ ನಗರಸಭೆಯದ್ದಾಗಿತ್ತು. ವಿಷಯ ಮೂರು ಸಭೆಗಳಿಗೆ ಬಂದು ಮೂರರಲ್ಲೂ ಮುಂದಕ್ಕೆ ಹೋಯಿತು. ಮುಂದೂಡಿಸಿದ ಸದಸ್ಯರ ಹೆಸರಿರುವ ಸಾಲು ಓದಲಾಗುತ್ತಿಲ್ಲ. "ಅದು ಯಾರೆಂದು ನನಗೆ ಗೊತ್ತಿಲ್ಲ. ಮೂಲ ಪ್ರತಿ ನಗರಸಭೆಯಲ್ಲಿರಬೇಕು."

ಟೈಲರ್ ಅದನ್ನು ಇನ್ನೊಮ್ಮೆ ಓದಿದರು. "ಗೊತ್ತಿಲ್ಲ ಅಂತ ಹೇಳೋ ಧೈರ್ಯ ಇದಕ್ಕಾದ್ರೂ ಇದೆ" ಎಂದರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಈ ಜಾಲದಲ್ಲಿ ನನ್ನ ಮಗಳಿಗೂ ಒಂದು ಗಂಟು ಇದೆಯಾ ಅಮ್ಮ?"

ಇತ್ತು. ಹೆಸರು, ಶಾಲೆ, ಬೀದಿ. "ಮಗಳು" ಎಂಬ ಎಳೆ ಹಿಡಿದರೆ ಟೈಲರ್.

ಮಾರ್ಚ್ 13

ಸಂಜೆ ಟೈಲರ್ ಬಂದರು. ಗೇಟು ತೆಗೆದು, ಒಳಗೆ. ಅಣ್ಣ ಎದ್ದು ನಿಂತ.

"ಕೂತ್ಕೊಳ್ಳಿ ಸಾರ್" ಎಂದರು ಟೈಲರ್.

"ನೀವು ಕೂತ್ಕೊಳ್ಳಿ."

ಇಬ್ಬರೂ ನಿಂತೇ ಇದ್ದರು. ಅತ್ತಿಗೆ, "ನೀವಿಬ್ರೂ ನಿಂತ್ರೆ ಕುರ್ಚಿಗಳಿಗೆ ಬೇಜಾರಾಗುತ್ತೆ" ಎಂದ ಮೇಲೆ ಕೂತರು.

"ಇಷ್ಟು ವರ್ಷ ಎದುರುಬದುರು ಕೂತು ಆಡಿದೀವಿ. ಒಂದಿನ ಹೇಳ್ಬಹುದಿತ್ತಲ್ಲ ಸಾರ್, ನಾನು ಆಮೇಲೆ ಬಂದವನು ಅಂತ?"

"ನೀವು ಒಂದಿನ ಕೇಳಬಹುದಿತ್ತು."

"ಆ ವರ್ಷ ಯಾರು ಹೋದ್ರು ಯಾರು ಬಂದ್ರು ಅನ್ನೋದು ನನಗೊಂದೂ ನೆನಪಿಲ್ಲ. ಕೇಳೋಕೆ ಹೆದರಿಕೆ ಆಗ್ತಿತ್ತು. ನೀವೇ ಅಂದುಬಿಟ್ರೆ ಸಂಜೆ ಎಲ್ಲಿಗೆ ಹೋಗ್ಲಿ?"

ಅಣ್ಣ ತಲೆ ತಗ್ಗಿಸಿದ. ಟೈಲರ್ ನನ್ನ ಕಡೆ ತಿರುಗಿದರು. "ಮೇಡಂ, ನೀವು ಪತ್ರ ಬರೀತೀರಲ್ಲ. ಯಂತ್ರ ತಪ್ಪು ಹೇಳ್ತು ಅನ್ನೋದು ಒಂದು ಸಾಲು ಸಾಕು. ಅದು ತಿದ್ದಿಕೊಂಡಿತು. ಉಳಿದದ್ದು ತಿದ್ದಿಕೊಳ್ಳದೆ ಇರೋರಿಗೆ ಬರೀರಿ. ನಾನೂ ಸಹಿ ಹಾಕ್ತೀನಿ."

"ನಾನೂ" ಎಂದ ಅಣ್ಣ.

ಮಾರ್ಚ್ 15

ನಗರಸಭೆಗೂ ಪತ್ರಿಕೆಗೂ ಇವತ್ತು ಕೊಟ್ಟದ್ದರ ಪ್ರತಿ, ನನಗಾಗಿ:

"ಫೆಬ್ರವರಿ ಆರರಂದು ನಿಮ್ಮ ಉತ್ತರಯಂತ್ರ ಒಬ್ಬ ನಿರಪರಾಧಿಯ ಮೇಲೆ ಹೊಣೆ ಹೊರಿಸಿತು. ಅದನ್ನು ಕಟ್ಟಿದವರು ತಮ್ಮ ತಪ್ಪನ್ನು ಅರ್ಧ ಗಂಟೆಯಲ್ಲಿ ಒಪ್ಪಿಕೊಂಡು, ಬುಡದಿಂದ ತಿದ್ದಿದರು. ಅವರ ಬಗ್ಗೆ ನಮಗೆ ದೂರಿಲ್ಲ, ಗೌರವವಿದೆ. ನಮ್ಮ ದೂರು ಆಮೇಲಿನದ್ದು. ನಿಜ ಹೇಳಲು ಕಲಿತ ಯಂತ್ರದ ಬಾಯಿಯನ್ನು ನೀವು ಮಾರ್ಚ್ ಹತ್ತರಂದು ಮುಚ್ಚಿದಿರಿ. ಅದನ್ನು ಬಿಡಿ. ಅದು ಮಾತಾಡಲಿ.

ಮೊದಲು ಇಲ್ಲಿದ್ದ ಮುಖ್ಯಸ್ಥರು ಈಗಿಲ್ಲ. ಅವರೂ ನಿರಪರಾಧಿ. ಅವರ ಹೆಸರನ್ನು ಈ ಊರು ನಲವತ್ತೊಂದು ವರ್ಷ ಬೈಗುಳದಲ್ಲಿ ಇಟ್ಟುಕೊಂಡಿತ್ತು. ಅವರ ಮನೆಯವರನ್ನು ಹುಡುಕಿ ಅದನ್ನು ಹೇಳುವುದು ನಿಮ್ಮ ಕೆಲಸ.

ಓದಲಾಗದ ಆ ಸಾಲಿನ ಮೂಲ ಪ್ರತಿ ನಿಮ್ಮ ಕಪಾಟಿನಲ್ಲಿರಬೇಕು. ಹೊರಗೆ ತನ್ನಿ. ಉತ್ತರವನ್ನು ನಮ್ಮ ಮನೆಗೆ ಅಂಚೆಯಲ್ಲಿ ಕಳಿಸಬೇಡಿ, ನಮ್ಮ ಅನಿಸಿಕೆಗೆ ಧನ್ಯವಾದ ಹೇಳಬೇಡಿ. ಮುಂದಿನ ತೆರೆದ ಸಭೆಯಲ್ಲಿ, ಆ ನೀರು ಕುಡಿದು ಮಕ್ಕಳನ್ನು ಕಳೆದುಕೊಂಡವರು ಮುಂದಿನ ಸಾಲಿನಲ್ಲಿ ಕೂತಿರುವಾಗ, ಎದ್ದು ನಿಂತು ಗಟ್ಟಿಯಾಗಿ ಹೇಳಿ: ಆ ಕುರ್ಚಿಯನ್ನು ಖಾಲಿ ಬಿಟ್ಟವರು ಯಾರು, ಯಾಕೆ?"